ಬಿಸ್ಕೆಟ್ ಕೋವಿನ ಏಳು ಮೀಟರ್

ಸೋನಾರಿನ ಗೇನ್ ಗುಂಡಿಯನ್ನು ಇನ್ನೆರಡು ಅಂಕ ಏರಿಸಿ ಲೊರೆಟಾ ಸ್ಯಾಂಡ್‌ವಿಚ್ಚಿನ ಉಳಿದರ್ಧವನ್ನು ಬಾಯಿಗಿಟ್ಟುಕೊಂಡಳು. ದೋಣಿಯ ಕೆಳಗಿದ್ದದ್ದು ಮರಳು. ಮರಳಿನ ಸ್ವಭಾವವೇ ಹಾಗೆ, ಸದ್ದು ಕಳಿಸಿ ಆಳ ಅಳೆಯುವ ಸೋನಾರ್ ಮೇಲಿನಿಂದ ಎಷ್ಟು ಕೂಗಿದರೂ ಅರ್ಧ ನುಂಗಿಕೊಂಡು ಅರ್ಧ ಗೊಣಗುತ್ತದೆ. ಅಂಥ ಕಡೆ ಸೋನಾರಿನ ಕಿವಿಯನ್ನು ಸ್ವಲ್ಪ ಚುರುಕು ಮಾಡಬೇಕಾಗುತ್ತದೆ. ಗೇನ್ ಅಂದರೆ ಅಷ್ಟೇ, ಕಿವಿಯ ಚುರುಕು. ಕಡಿಮೆಯಾದರೆ ತಳವೇ ಕೇಳಿಸುವುದಿಲ್ಲ. ಹೆಚ್ಚಾದರೆ ಮೀನಿನ ಹಿಂಡೂ ಎಂಜಿನ್ನಿನ ಗುಡುಗೂ ತಳದ ಹಾಗೆಯೇ ಕೇಳಿಸತೊಡಗುತ್ತದೆ.

ಈಗ ಪರದೆಯ ಮೇಲೆ ತಳ ಮೂಡುತ್ತಿತ್ತು. ಬೀಸಣಿಗೆಯ ಕಡ್ಡಿಗಳ ಹಾಗೆ ಎರಡೂ ಪಕ್ಕಕ್ಕೆ ಹರಡಿದ ನೂರಾರು ಕಿರಣಗಳು, ಒಂದೊಂದು ಕೂಗಿಗೂ ಒಂದೊಂದು ಗೆರೆ. ಕೆಂಪು ಬಂದರೆ ಆಳ ಕಡಿಮೆ, ನೀಲಿ ಬಂದರೆ ಹೆಚ್ಚು. ಬೆಳಗಿನಿಂದ ನೀಲಿಯೇ ಬರುತ್ತಿತ್ತು.

"ಏನ್ ಹೇಳುತ್ತೆ ಹುಡುಗಿ, ನಿನ್ನ ಡಬ್ಬ?" ಚುಕ್ಕಾಣಿ ಹಿಡಿದಿದ್ದ ಆಂಬ್ರೋಸ್ ತಿರುಗಿ ನೋಡದೆಯೇ ಕೇಳಿದ. ಲೊರೆಟಾಗೆ ಐವತ್ತನಾಲ್ಕು. ಅವಳನ್ನು ಹುಡುಗಿ ಎನ್ನುವವನು ಈ ಕರಾವಳಿಯಲ್ಲಿ ಅವನೊಬ್ಬನೇ ಉಳಿದಿದ್ದ.

"ನೀಲಿ ಅನ್ನುತ್ತೆ, ಸ್ಕಿಪ್ಪರ್."

"ನಾನು ನಲವತ್ತು ವರ್ಷದಿಂದ ಹೇಳ್ತಿದೀನಿ ಇಲ್ಲಿ ನೀರಿದೆ ಅಂತ. ನನಗೆ ಯಾರೂ ಸಂಬಳ ಕೊಡ್ಲಿಲ್ಲ."

"ನಿಮಗೆ ಪರದೆ ಇಲ್ವಲ್ಲ."

"ಮುಖ ಇದೆ. ಇದನ್ನೇ ನೋಡ್ಕೊಂಡು ಬರೆದುಕೊಳ್ಳಲಿ."

ಬಿಸ್ಕೆಟ್ ಕೋವಿಗೆ ರಸ್ತೆಯಿಲ್ಲ. ಅರವತ್ತೊಂದು ಮನೆ, ಒಂದು ಚರ್ಚು, ಒಂದು ಅಂಗಡಿ, ಒಂದು ದೋಣಿಕಟ್ಟೆ. ಕಟ್ಟೆಗೆ ಬರುತ್ತಿದ್ದ ಹಳೆಯ ಫೆರಿ ಈ ಶರತ್ಕಾಲಕ್ಕೆ ನಿವೃತ್ತಿಯಾಗಲಿತ್ತು. ಅದರ ಜಾಗಕ್ಕೆ ಬರುವ ಹೊಸ ಹಡಗಿನ ಹೊಟ್ಟೆ ದೊಡ್ಡದು. ಪೂರ್ತಿ ಇಳಿತದಲ್ಲೂ, ಕಡಲಿನಿಂದ ಕಟ್ಟೆಗೆ ಬರುವ ಕಾಲುವೆಯ ಅಗಲಕ್ಕೆ ಏಳು ಮೀಟರ್ ನೀರಿದ್ದರೆ ಒಳಗೆ ಬರುತ್ತದೆ, ಒಂದು ಬೆರಳು ಕಡಿಮೆಯಿದ್ದರೂ ಭೂಶಿರ ಬಳಸಿಕೊಂಡು ಬ್ರಾಡ್ ಆರ್ಮ್ ಊರಿಗೆ ಹೋಗಿಬಿಡುತ್ತದೆ. ಆಮೇಲೆ ಬಿಸ್ಕೆಟ್ ಕೋವಿನಲ್ಲಿ ಉಳಿಯುವವರು ಎಷ್ಟು ಜನ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಲೊರೆಟಾಳ ಅಡುಗೆಮನೆಯಲ್ಲಿ ಅದು ಆಗಲೇ ತೀರ್ಮಾನವಾಗಿತ್ತು. ಫೆರಿ ಬಂದರೆ ಇಲ್ಲೇ ಇರುವುದು, ಬರದಿದ್ದರೆ ಸೇಂಟ್ ಜಾನ್ಸಿನಲ್ಲಿ ಮಗಳು ನೊರೀನಳ ಮನೆಯ ನೆಲಮಾಳಿಗೆಗೆ ಹೋಗುವುದು. ಹಾಗೆ ಅಂದವನು ಗಂಡ ಸಿರಿಲ್. ಮಂಡಿ ನೋವಿನವನು, ಕೆಡುಕಿನವನಲ್ಲ. "ಸಮುದ್ರವೇ ತೀರ್ಮಾನ ಮಾಡ್ಲಿ, ನಾವ್ಯಾಕೆ ಜಗಳ ಆಡೋದು?" ಅಂದಿದ್ದ. ಲೊರೆಟಾ ಕೂಡಲೇ ಒಪ್ಪಿದ್ದಳು. ಆ ನೆಲಮಾಳಿಗೆ ಬೆಚ್ಚಗಿತ್ತು, ಹೊಸ ಒಲೆಯಿತ್ತು. ಗೋಡೆಯ ಮೇಲ್ತುದಿಗೆ ಒಂದು ಕಿಟಕಿ. ಅದರಲ್ಲಿ ಕಾಣುತ್ತಿದ್ದದ್ದು ಅಳಿಯನ ಕಾರಿನ ಹಿಂದಿನ ಚಕ್ರ. ಹೋದ ಕ್ರಿಸ್‌ಮಸ್ಸಿನಲ್ಲಿ ಹತ್ತು ದಿನ ಆ ಚಕ್ರವನ್ನು ನೋಡಿಕೊಂಡು ಅವಳು ಚಹಾ ಕುಡಿದಿದ್ದಳು. ಅದರ ಬಗ್ಗೆ ಸಿರಿಲನಿಗೆ ಏನೂ ಹೇಳಿರಲಿಲ್ಲ. ಚಕ್ರದ ಬಗ್ಗೆ ಏನು ಹೇಳುವುದು?

"ಪಾದ್ರಿಬಂಡೆ ಬಂತು," ಆಂಬ್ರೋಸ್ ಕೂಗಿದ.

ಕಾಲುವೆಯ ಪೂರ್ವದ ಅಂಚಿನಲ್ಲಿ ಮುಳುಗಿರುವ ಬಂಡೆ ಅದು. ಯಾವ ಕಾಲದಲ್ಲೋ ಒಬ್ಬ ಪಾದ್ರಿಯ ದೋಣಿಯ ಲಂಗರು ಅದಕ್ಕೆ ಸಿಕ್ಕಿಕೊಂಡು, ಉಬ್ಬರ ಬರುವವರೆಗೆ ಅವನು ನಿಂತಲ್ಲೇ ಪ್ರಾರ್ಥನೆ ಮುಗಿಸಿದ್ದನಂತೆ. ಏನಾದರೂ ತೊಡಕಿದ್ದರೆ ಇಲ್ಲೇ. ಪರದೆಯ ಅಂಚಿನಲ್ಲಿ ಬಂಡೆಯ ತಲೆ ಹಸಿರಾಗಿ ಮೂಡಿತು. ಉಬ್ಬರದ ನೀರು ಕಳೆದು ಉಳಿದ ಅಂಕಿಯನ್ನು ಲೊರೆಟಾ ಎರಡು ಸಲ ಓದಿದಳು.

"ಏಳೂ ಕಾಲು," ಅಂದಳು.

ಆಂಬ್ರೋಸ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಅವಳು ಬೇಡವೆನ್ನುವ ಮೊದಲೇ ವೈರ್‌ಲೆಸ್ಸಿನ ಬಾಯಿ ಅವನ ಕೈಗೆ ಬಂದಿತ್ತು. "ಏಳೂ ಕಾಲು, ಪಾದ್ರಿಬಂಡೆಯ ನೆತ್ತಿ ಮೇಲೆ! ಕೇಳಿಸ್ತಾ? ಏಳೂ ಕಾಲು!"

ಕೇಳಿಸದೆ ಏನು. ಬಿಸ್ಕೆಟ್ ಕೋವಿನಲ್ಲಿ ಪ್ರತಿ ಅಡುಗೆಮನೆಯಲ್ಲೂ ಬ್ರೆಡ್ಡಿನ ಡಬ್ಬದ ಪಕ್ಕ ಒಂದು ವೈರ್‌ಲೆಸ್ ಇರುತ್ತದೆ. ದೋಣಿಗೆ ಹೋದವರ ದನಿ ಕೇಳಲೆಂದು ಹಿಂದಿನವರು ಇಟ್ಟದ್ದು. ಈಗ ದೋಣಿಗೆ ಹೋಗುವವರು ಕಡಿಮೆ, ಕೇಳುವವರು ಅಷ್ಟೇ ಇದ್ದಾರೆ.

"ದೇವ್ರು ದೊಡ್ಡವ್ನು," ಎಂದು ಮೊದಲು ಬಂದದ್ದು ಎಂಬತ್ತೊಂದರ ಹನೋರಾ ಆಂಟಿಯ ದನಿ. "ಕಾಡುಹಣ್ಣಿನ ಕಡುಬು ಒಲೆಗಿಡ್ತಾ ಇದೀನಿ. ಎಲ್ರೂ ಕಟ್ಟೆಗೆ ಬನ್ನಿ, ತಟ್ಟೆ ನಿಮ್ಮದೇ ತನ್ನಿ. ಹೋದ ಸಲದ ನಾಲ್ಕು ತಟ್ಟೆ ಇನ್ನೂ ವಾಪಸ್ ಬಂದಿಲ್ಲ, ಯಾರ್ ಮನೇಲಿದೆ ಅಂತ ನನಗೊತ್ತು."

"ಲೊರೆಟಾ," ಸಿರಿಲ್ ನಡುವೆ ಬಂದ, "ಹಾಗಾದ್ರೆ ಸಾಮಾನು ತುಂಬೋಕೆ ತಂದ ಆ ರಟ್ಟಿನ ಪೆಟ್ಟಿಗೆಗಳನ್ನ ಒಲೆಗೆ ಹಾಕ್ಲಾ?"

"ಎಲ್ಲರೂ ದಯವಿಟ್ಟು ಚಾನೆಲ್ ಬಿಡಿ," ಕಟ್ಟೆಯ ಶೆಡ್ಡಿನಿಂದ ಮೆರೆಡಿತ್ ಅಂದಳು. ಒಂಟಾರಿಯೊದವಳು, ಸಮೀಕ್ಷೆಯ ಮುಖ್ಯಸ್ಥೆ, ಮೂವತ್ತೈದರ ಒಳಗಿನವಳು. "ಸಂಜೆ ನಾನು ನೋಡುವವರೆಗೆ ಯಾವ ಅಂಕಿಯೂ ಅಂಕಿಯಲ್ಲ."

"ಅವಳಿಗೂ ಒಂದು ತಟ್ಟೆ ತನ್ನಿ," ಅಂದಳು ಹನೋರಾ ಆಂಟಿ.

ಆಂಬ್ರೋಸ್ ನಗುತ್ತ ದೋಣಿಯನ್ನು ಅಳತೆಗೆಂದು ಓಡಿಸಬೇಕಾದ ಮುಂದಿನ ಗೆರೆಗೆ ತಿರುಗಿಸಿದ. ಲೊರೆಟಾಳೂ ನಗುತ್ತಿದ್ದಳು. ಹೊಸ ಗೆರೆಯ ಪಟ್ಟಿ ಹಳೆಯದರ ಪಕ್ಕಕ್ಕೆ ಹಾಸಿಕೊಳ್ಳುತ್ತ ಹೋಯಿತು, ಒಂದರ ಅಂಚು ಇನ್ನೊಂದರ ನಡುವಿನವರೆಗೂ ಹತ್ತಿ. ನಗು ಮುಗಿಯುವ ಮೊದಲೇ ಅವಳ ಕಣ್ಣು ಅಲ್ಲಿ ಸಿಕ್ಕಿಕೊಂಡಿತು. ಒಂದೇ ಮರಳು, ಒಂದೇ ಜಾಗ. ಈ ಪಟ್ಟಿಯ ನಡುವಿನಲ್ಲಿ ಅದು ಒಂದು ಆಳ, ಆ ಪಟ್ಟಿಯ ಅಂಚಿನಲ್ಲಿ ಅದಕ್ಕಿಂತ ಅರ್ಧ ಮೀಟರ್ ಹೆಚ್ಚು. ಅಡ್ಡಕೊಯ್ತದ ಚಿತ್ರ ತೆರೆದು ನೋಡಿದಳು. ಚಪ್ಪಟೆಯಾಗಿರಬೇಕಾದ ತಳ ಕವುಚಿಟ್ಟ ಬಾಣಲೆಯ ಬೆನ್ನಿನಂತೆ ಬಾಗಿತ್ತು. ನಡು ಸರಿಯಾಗಿದೆ, ಎರಡು ಅಂಚೂ ಕೆಳಗೆ ಇಳಿದಿವೆ.

ತಳ ಹೀಗೆ ಬಾಗಿದರೆ ತಪ್ಪು ತಳದ್ದಲ್ಲ, ಸದ್ದಿನ ವೇಗದ್ದು. ಅದು ಓದಿಗೆ ಕೂತ ಮೊದಲ ವಾರದ ಪಾಠ. ಮೀನಿನ ಕಾರ್ಖಾನೆ ಮುಚ್ಚಿ ಕೈಯಲ್ಲಿ ಚಾಕು ಇಲ್ಲದಾದ ಮೇಲೆ, ಮಗಳ ವಯಸ್ಸಿನವರ ನಡುವೆ ಕೂತು ಕಲಿತದ್ದು. ನೀರು ಬೆಚ್ಚಗಾದರೆ ಸದ್ದು ಜೋರಾಗಿ ಓಡುತ್ತದೆ, ಉಪ್ಪಾದರೆ ಇನ್ನೂ ಜೋರು. ಸೋನಾರಿಗೆ ಆ ವೇಗ ಸರಿಯಾಗಿ ಗೊತ್ತಿರಬೇಕು, ಇಲ್ಲವಾದರೆ ಪಕ್ಕಕ್ಕೆ ಹೋದ ಕಿರಣಗಳು ಯಾವ ಓರೆಯಲ್ಲಿ ಹೋದವೆಂದು ತಪ್ಪಾಗಿ ಎಣಿಸುತ್ತದೆ. ಅದಕ್ಕೇ ಸೋನಾರಿನ ಮೂತಿಯ ಪಕ್ಕದಲ್ಲಿ ಬೆರಳುದ್ದದ ಅಳತೆಕಡ್ಡಿಯೊಂದು ಸದಾ ನೀರಿನಲ್ಲಿರುತ್ತದೆ. ಲೊರೆಟಾ ಕಡ್ಡಿಯ ಅಂಕಿ ನೋಡಿದಳು. ಸೆಕೆಂಡಿಗೆ ಸಾವಿರದ ನಾನೂರ ಅರವತ್ತನಾಲ್ಕು ಮೀಟರ್. ಜೂನ್ ತಿಂಗಳ ತಣ್ಣನೆಯ ಉಪ್ಪುನೀರಿಗೆ ಸರಿಯಾದದ್ದೇ. ನಾಲ್ಕು ದಿನದಿಂದಲೂ ಅವಳು ಬೆಳಿಗ್ಗೆ ಎದ್ದು ಅದನ್ನೇ ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದಳು.

ಆಮೇಲೆ ಅದರ ಕೆಳಗಿನ ಬೂದುಬಣ್ಣದ ಸಣ್ಣ ಚೌಕವನ್ನು ನೋಡಿದಳು. ಸೋನಾರ್ ನಿಜವಾಗಿ ಬಳಸುತ್ತಿದ್ದ ವೇಗ ಅಲ್ಲಿತ್ತು. ಸಾವಿರದ ನಾನೂರ ಮೂವತ್ತೊಂಬತ್ತು. ಪಕ್ಕದಲ್ಲಿ ಪುಟ್ಟ ಬೀಗದ ಗುರುತು.

ಬೀಗ ಹಾಕಿದವಳು ಅವಳೇ. ಹೋದ ವಾರ ಇದೇ ದೋಣಿಯನ್ನು ಬ್ರಾಡ್ ಆರ್ಮಿನಲ್ಲಿ ಲಾರಿಯ ಮೇಲೆ ಹೇರಿಕೊಂಡು ಒಳನಾಡಿನ ಅಣೆಕಟ್ಟಿನ ಕೆರೆಗೆ ಹೋಗಿದ್ದರು. ಅಲ್ಲಿ ಅಳತೆಕಡ್ಡಿಗೆ ಕೆಸರು ಮೆತ್ತಿಕೊಂಡು ಹುಚ್ಚು ಅಂಕಿಗಳು ಬಂದಾಗ, ಕೆರೆಯ ಸಿಹಿನೀರಿನ ವೇಗವನ್ನು ಕೈಯಲ್ಲೇ ಬರೆದು, ಅದು ಬದಲಾಗದಂತೆ ಬೀಗ ಹಾಕಿದ್ದಳು. ಮನೆಗೆ ಬಂದ ಮೇಲೆ ಆಂಬ್ರೋಸ್ ಹಲ್ಲುಜ್ಜುವ ಬ್ರಷ್ಷಿನಿಂದ ಕಡ್ಡಿಯನ್ನು ತಿಕ್ಕಿ ತೊಳೆದ. ಬೀಗ ತೆಗೆಯುವುದು ಅವಳ ಕೆಲಸವಾಗಿತ್ತು. ಮೊದಲ ಮೂರು ದಿನ ಭೂಶಿರದಾಚೆಯ ಒರಟು ಕಲ್ಲುತಳ. ಅಲ್ಲಿ ಬಾಗಿದ್ದು ಯಾವುದು, ಕಲ್ಲು ಯಾವುದು, ಯಾರಿಗೆ ತಿಳಿಯುತ್ತದೆ. ಇವತ್ತು ಮರಳಿನ ಮೇಲೆ ಬಂದದ್ದಕ್ಕೆ ಕಂಡಿತು.

ಅವಳು ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಪಾದ್ರಿಬಂಡೆ ಕಂಡದ್ದು ಪರದೆಯ ಅಂಚಿನಲ್ಲಿ. ಅಂಚುಗಳೆಲ್ಲ ಇರುವುದಕ್ಕಿಂತ ಆಳವಾಗಿ ಕಂಡಿವೆ. ಲೆಕ್ಕ ಹಾಕಲು ಪೆನ್ಸಿಲ್ ಬೇಕಿರಲಿಲ್ಲ. ಮೆರೆಡಿತ್ ಸಂಜೆ ಇದನ್ನು ಗುರುತಿಸಿಯಾಳು, ಗುರುತಿಸದೆಯೂ ಇರಬಹುದು. ಕಟ್ಟೆಯ ಕಡೆ ಆಗಲೇ ನಾಲ್ಕೈದು ಜನ ಕುರ್ಚಿ ಹೊತ್ತುಕೊಂಡು ಬರುತ್ತಿದ್ದುದು ಕಿಟಕಿಯಲ್ಲಿ ಕಾಣುತ್ತಿತ್ತು.

ಬೀಗ ತೆಗೆದಳು. ಅಂಕಿ ಒಮ್ಮೆ ಮಿಟುಕಿ ಅರವತ್ತನಾಲ್ಕಕ್ಕೆ ಹಾರಿತು. ಅಡ್ಡಕೊಯ್ತದಲ್ಲಿ ಬಾಣಲೆಯ ಬೆನ್ನು ಒಂದೇ ಉಸಿರಿಗೆ ಚಪ್ಪಟೆಯಾಯಿತು.

"ಸ್ಕಿಪ್ಪರ್, ತಿರುಗಿಸಿ. ಪಾದ್ರಿಬಂಡೆ ಮತ್ತೊಂದು ಸಲ."

"ಅದು ಎಲ್ಲೂ ಹೋಗಿಲ್ಲ ಕಣೇ."

"ತಿರುಗಿಸಿ ಅಂದೆ."

ಈ ಸಲ ಅಂಕಿ ಆರು ಒಂಬತ್ತು. ಆರು ಮೀಟರ್ ತೊಂಬತ್ತು. ಅವಳು ಆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಆಂಬ್ರೋಸ್ ಎಂಜಿನ್ನನ್ನು ತಗ್ಗಿಸಿದ.

"ಹತ್ತು ಸೆಂಟಿಮೀಟರ್," ಅಂದ. "ನನ್ನ ಅಂಗೈಯಷ್ಟು."

"ನಿಮ್ಮ ಅಂಗೈಗಿಂತ ಕಮ್ಮಿ."

"ಸಂಜೆ ಶೆಡ್ಡಿಗೆ ಹೋಗಿ ಆ ಹುಡುಗಿ ಹತ್ರ ಮೆಲ್ಲಗೆ ಹೇಳು. ವೈರ್‌ಲೆಸ್ಸಲ್ಲಿ ಬೇಡ. ಊರಿಗೆ ಊರೇ ಕೇಳುತ್ತೆ."

"ಊರಿಗೆ ಊರೇ ಕೇಳಿಸೋ ಹಾಗೆ ಏಳೂ ಕಾಲು ಅಂದಿದ್ದು ಯಾರು?"

ಆಂಬ್ರೋಸ್ ಕಿವಿ ಕೆರೆದುಕೊಂಡ. ಲೊರೆಟಾ ವೈರ್‌ಲೆಸ್ಸಿನ ಬಾಯಿಯನ್ನು ಕೈಗೆತ್ತಿಕೊಂಡು ಗುಂಡಿ ಒತ್ತಿದಳು. ತನ್ನ ಉಸಿರು ಅರವತ್ತೊಂದು ಅಡುಗೆಮನೆಗಳಲ್ಲಿ ಕೇಳಿಸುತ್ತಿದೆಯೆಂದು ಅವಳಿಗೆ ಗೊತ್ತಿತ್ತು.

"ಚೀಫ್, ಲೊರೆಟಾ ಮಾತಾಡ್ತಿರೋದು. ಏಳೂ ಕಾಲು ತಪ್ಪು. ಕೆರೆಯಲ್ಲಿ ಹಾಕಿದ ವೇಗದ ಬೀಗವನ್ನ ನಾನು ತೆಗೆದಿರ್ಲಿಲ್ಲ. ನಾಲ್ಕು ದಿನದ ಗೆರೆಗಳೂ ಹಾಳು. ತಪ್ಪು ನನ್ನದು, ದೋಣಿಯದಲ್ಲ, ಸ್ಕಿಪ್ಪರದೂ ಅಲ್ಲ."

ವೈರ್‌ಲೆಸ್ಸು ಚರಚರ ಅಂದಿತು.

"ನಾಲ್ಕೂ ದಿನವೇ?" ಮೆರೆಡಿತ್ ಕೇಳಿದಳು.

"ನಾಲ್ಕೂ. ಆಮೇಲೆ ಕೂತು ತಿದ್ದೋಕೆ ಬರುವಂಥ ತಪ್ಪಲ್ಲ ಅಂತ ನಿಮಗೇ ಗೊತ್ತು. ಮತ್ತೆ ಓಡಿಸ್ಬೇಕು."

"ಗೊತ್ತು. ಈಗ ಬಂಡೆಯ ಮೇಲೆ ಎಷ್ಟಿದೆ?"

"ಆರು ಒಂಬತ್ತು."

ಮೊದಲು ಬಾಯಿಬಿಟ್ಟವಳು ಹನೋರಾ ಆಂಟಿ. "ಹಾಗಂದ್ರೆ ನಮ್ಮ ಲೊರೆಟಾ ನಾಲ್ಕು ದಿನದಿಂದ ಸಮುದ್ರಾನ ಕೆರೆ ಅಂದ್ಕೊಂಡಿದ್ದಳಾ?"

"ಹೌದು ಆಂಟಿ."

"ತಿಮಿಂಗಿಲ ಅಡ್ಡ ಬಂದಿದ್ರೆ ಕಪ್ಪೆ ಅಂತಿದ್ಯೇನೋ."

ಯಾರೋ ಕೆಮ್ಮಿದಂತೆ ನಕ್ಕರು. ಇನ್ಯಾರೋ ಜೋರಾಗಿಯೇ ನಕ್ಕರು. "ಕಡುಬು ಒಲೆಯೊಳಗಿದೆ," ಹನೋರಾ ಆಂಟಿ ಮುಂದುವರಿಸಿದಳು, "ಅದಕ್ಕೆ ಈ ಆಳ ಗೀಳ ಏನೂ ಗೊತ್ತಿಲ್ಲ. ಬೆಂದೇ ಬೇಯುತ್ತೆ. ಬಂದು ತಿನ್ನಿ."

ಆಮೇಲೆ ಸಿರಿಲ್. "ಲೊರೆಟಾ."

"ಹೇಳಿ."

"ಚಹಾ ಕುಡಿದ್ಯಾ?"

"ಫ್ಲಾಸ್ಕಲ್ಲಿದೆ."

"ಕುಡಿ ಮತ್ತೆ. ಪೆಟ್ಟಿಗೆ ಇನ್ನೂ ಸುಟ್ಟಿಲ್ಲ ನಾನು."

ಅವಳು ಗುಂಡಿ ಬಿಟ್ಟಳು. ಚಹಾ ಸುರಿದುಕೊಂಡು ಕುಡಿದಳು. ಕುಡಿಯುತ್ತ ಕುಡಿಯುತ್ತ ಪರದೆಯ ಮೇಲಿನ ಬಂಡೆಯನ್ನು ಹತ್ತಿರಕ್ಕೆ ಎಳೆದು ನೋಡಿದಳು. ಬೇರೆ ಕಲ್ಲುಗಳ ಅಂಚು ಚಾಕುವಿನಲ್ಲಿ ಕೊಯ್ದ ಹಾಗಿರುತ್ತದೆ. ಇದರ ನೆತ್ತಿ ಮಾತ್ರ ಮಬ್ಬು ಮಬ್ಬು, ಕೆದರಿದ ಕೂದಲಿನ ಹಾಗೆ. ಒಂದು ಕೂಗಿಗೆ ಇಲ್ಲಿ, ಮುಂದಿನ ಕೂಗಿಗೆ ಗೇಣು ಆಚೆಗೆ.

"ಸ್ಕಿಪ್ಪರ್, ಪಾದ್ರಿಬಂಡೆ ಮೇಲೆ ಏನು ಬೆಳೆಯುತ್ತೆ?"

"ಕಡಲಪಾಚಿ. ಸೊಂಟದ ಬೆಲ್ಟಿನಷ್ಟು ಅಗಲದ್ದು. ನಮ್ಮಪ್ಪನ ಬಲೆ ಪ್ರತಿ ವರ್ಷ ಅದರಲ್ಲೇ ಸಿಗ್ತಿತ್ತು. ಯಾಕೆ?"

ಗೇನ್ ಇನ್ನೂ ಮರಳಿಗೆ ಇಟ್ಟಷ್ಟೇ ಇತ್ತು. ಗೊಣಗುವವರ ಮಾತು ಕೇಳಲೆಂದು ಚುರುಕು ಮಾಡಿದ ಕಿವಿ. ಅದಕ್ಕೆ ಪಾಚಿಯ ಪಿಸುಮಾತೂ ಕಲ್ಲಿನ ಮಾತಾಗಿ ಕೇಳಿಸಿತ್ತು. ಅವಳು ಎರಡಂಕ ಇಳಿಸಿದಳು. ಮತ್ತೆ ಎರಡು. ಆರು ಇಳಿಸುವಷ್ಟರಲ್ಲಿ ಕೆದರು ಕೂದಲು ಉದುರಿ, ಅದರ ಕೆಳಗೆ ಗಟ್ಟಿಯಾದ ಗೆರೆಯೊಂದು ನಿಂತಿತು. ಏಳು ಎರಡು.

ಅವಳು ನಗಲಿಲ್ಲ. ಬೇಕಾದ ಅಂಕಿ ಬರುವ ತನಕ ಗುಂಡಿ ತಿರುಗಿಸಿ, ಬಂದಲ್ಲಿ ಕೈ ತೆಗೆದರೆ ಅದನ್ನು ಅಳತೆ ಎನ್ನಲು ಆಗುವುದಿಲ್ಲ. ಒಂದು ತಾಸಿನ ಹಿಂದೆ ಏಳೂ ಕಾಲು ಎಂದ ಬಾಯಿಯೇ ಇದೂ.

"ಏನಾಯ್ತು, ಮುಖ ಯಾಕೆ ಹಾಗಿದೆ?" ಆಂಬ್ರೋಸ್ ಕೇಳಿದ.

"ಏಳು ಎರಡು ಅನ್ನುತ್ತೆ. ನನಗೆ ನಂಬಿಕೆ ಬರ್ತಿಲ್ಲ."

"ಡಬ್ಬದ ಮೇಲೋ, ನಿನ್ನ ಮೇಲೋ?"

"ಇಬ್ಬರ ಮೇಲೂ."

ಆಂಬ್ರೋಸ್ ಕೂರುವ ಹಲಗೆಯ ಕೆಳಗೆ ಕೈ ಹಾಕಿ ಗೋಣಿಚೀಲವೊಂದನ್ನು ಎಳೆದ. ಒಳಗಿದ್ದದ್ದು ಅವನಪ್ಪನ ಕಾಲದ ಸೀಸದ ಗುಂಡು, ಅದಕ್ಕೆ ಕಟ್ಟಿದ ಹಗ್ಗ. ಹಗ್ಗಕ್ಕೆ ಮಾರಿಗೊಂದು, ಅಂದರೆ ಆರಡಿಗೊಂದು, ಚರ್ಮದ ಗುರುತು, ಕಾಲು ಮಾರಿಗೊಂದು ಗಂಟು. ಗುಂಡಿನ ತಳದಲ್ಲಿ ಒಂದು ಕುಳಿಯಿತ್ತು.

"ಇದಕ್ಕೆ ಕೊಬ್ಬು ಮೆತ್ತಬೇಕು. ಕಲ್ಲು ತಾಗಿದ್ರೆ ಅಚ್ಚು ಬೀಳುತ್ತೆ. ಕೊಬ್ಬು ಇಲ್ಲ. ನಿನ್ನ ಸ್ಯಾಂಡ್‌ವಿಚ್ಚಲ್ಲಿ ಬೆಣ್ಣೆ ಇತ್ತಲ್ಲ?"

"ತಿಂದಾಯ್ತು."

"ಪೂರ್ತಿ ತಿಂದ್ಯಾ? ಮೂರು ಬ್ರೆಡ್ಡಿತ್ತು!"

ಕಾಗದಕ್ಕೆ ಅಂಟಿದ ಬೆಣ್ಣೆಯನ್ನೇ ಬೆರಳಲ್ಲಿ ಕೆರೆದು ಕುಳಿಗೆ ಮೆತ್ತಿದ. ದೋಣಿ ಬಂಡೆಯ ನೇರಕ್ಕೆ ಬಂದು ನಿಂತಿತ್ತು. ಉಬ್ಬರವೂ ಇಲ್ಲ, ಇಳಿತವೂ ಇಲ್ಲ, ನೀರು ನಡುವೆ ಒಂದು ಗಳಿಗೆ ಸುಮ್ಮನಾಗುವ ಹೊತ್ತು. ಇಳಿತದ ಮಟ್ಟಕ್ಕಿಂತ ಈಗ ಒಂದು ಮೀಟರ್ ನೀರು ಹೆಚ್ಚಿತ್ತು. ಹಗ್ಗ ನಾಲ್ಕೂವರೆ ಮಾರು ಇಳಿದರೆ ಡಬ್ಬ ಹೇಳಿದ್ದು ನಿಜ. ನಾಲ್ಕೂ ಕಾಲಿಗೇ ನಿಂತರೆ ಫೆರಿ ಬ್ರಾಡ್ ಆರ್ಮಿಗೆ.

ಆಂಬ್ರೋಸ್ ಬೆನ್ನು ತಿರುಗಿಸಿ ಅಂಚಿಗೆ ಬಗ್ಗಿ ಗುಂಡನ್ನು ಬಿಟ್ಟ. ಹಗ್ಗ ಅವನ ಬೆರಳುಗಳ ನಡುವಿನಿಂದ ಸರಸರ ಇಳಿಯಿತು. "ಒಂದು," ಅಂದ. "ಎರಡು."

ಲೊರೆಟಾ ಬಾಗಿಲಿಗೆ ಒರಗಿ ನಿಂತಿದ್ದಳು. ಅಡುಗೆಮನೆಯಲ್ಲಿ ಸಿರಿಲ್ ಸಮುದ್ರವೇ ತೀರ್ಮಾನ ಮಾಡಲಿ ಎಂದಾಗ ತಾನು ಎಷ್ಟು ಬೇಗ ಒಪ್ಪಿದೆನೆಂದು ಅವಳಿಗೆ ನೆನಪಾಯಿತು. ಬಟಾಣಿ ಸಾರನ್ನು ಕಲಕುತ್ತಲೇ ಒಪ್ಪಿದ್ದಳು. ಸೌಟು ನಿಂತಿರಲೂ ಇಲ್ಲ. ನಿನಗೆ ಏನು ಬೇಕು ಎಂದು ಅವನು ಕೇಳಿಬಿಟ್ಟಾನೆಂಬ ಭಯವಿತ್ತು. ಕೇಳಿದ್ದರೆ ಹೇಳಬೇಕಾಗುತ್ತಿತ್ತು, ಹೇಳಿದರೆ ಅವನ ಮಂಡಿಯ ಮದ್ದಿಗೆ ತಾನು ಅಡ್ಡ ಬಂದ ಹಾಗಾಗುತ್ತಿತ್ತು. ಅದಕ್ಕಿಂತ ಮರಳಿಗೂ ಕಲ್ಲಿಗೂ ಕೇಳುವುದು ಸುಲಭ. ಹದಿನೆಂಟು ವರ್ಷದಿಂದ ಅದೇ ಕೆಲಸ ಮಾಡಿಕೊಂಡು ಬಂದವಳು.

"ಮೂರು," ಅಂದ ಆಂಬ್ರೋಸ್.

ಈಗ ಊರೆಲ್ಲ ಕೇಳುವಂತೆ ನಾಲ್ಕು ದಿನದ ತಪ್ಪನ್ನು ಹೇಳಿಯಾಗಿತ್ತು. ಏನೂ ಮುಳುಗಿರಲಿಲ್ಲ. ಗಂಡ ಚಹಾ ಕುಡಿ ಅಂದಿದ್ದ. ಹಗ್ಗ ಇಳಿಯುತ್ತಲೇ ಇತ್ತು. ನಾಲ್ಕೂ ಕಾಲಾಗಲಿ, ನಾಲ್ಕೂವರೆಯಾಗಲಿ, ಮೂರಕ್ಕೇ ನಿಂತುಬಿಡಲಿ, ತಾನು ಹೋಗುವುದಿಲ್ಲ. ಫೆರಿ ಬಾರದಿದ್ದರೆ ಹಿಟ್ಟನ್ನೂ ಸಕ್ಕರೆಯನ್ನೂ ಆಂಬ್ರೋಸನ ದೋಣಿಯಲ್ಲಿ ತಂದರಾಯಿತು. ಸಿರಿಲ್ ಮಂಡಿಗೆ ಮದ್ದು ಬೇಕೆಂದು ಚಳಿಗಾಲದಲ್ಲಿ ಮಗಳ ಮನೆಗೆ ಹೋಗುವುದಾದರೆ ಹೋಗಿ ಬರಲಿ, ಅವನ ಒಳ ಅಂಗಿಗಳನ್ನು ತಾನೇ ಮಡಿಸಿ ಕೊಡುತ್ತಾಳೆ. ತಾನು ಮಾತ್ರ ಇಲ್ಲೇ. ಇಷ್ಟು ಸಣ್ಣ ಮಾತಿಗೆ ಇಷ್ಟು ವರ್ಷ ಬೇಕಾಯಿತಲ್ಲ ಎಂದು ಅವಳಿಗೆ ನಗು ಬಂತು.

"ನಗೋಕೆ ಏನಾಯ್ತೇ?" ಆಂಬ್ರೋಸ್ ತಿರುಗಿ ನೋಡಿದ. "ಇನ್ನೂ ತಳ ತಾಗಿಲ್ಲ."

"ಏನಿಲ್ಲ. ಬಿಡಿ ಹಗ್ಗ."

ಹಗ್ಗ ಸಡಿಲವಾಯಿತು. ಅವನು ಎತ್ತಿ ಎತ್ತಿ ತಟ್ಟಿ ನೋಡಿದ, ಬೆರಳಿನಿಂದ ಗಂಟನ್ನು ತಡವಿದ, ಮತ್ತೊಮ್ಮೆ ತಡವಿದ. "ನಾಲ್ಕೂವರೆ," ಅಂದ ಪಿಸುದನಿಯಲ್ಲಿ. ಎರಡನೆಯ ಸಲ ಬಿಟ್ಟಾಗಲೂ ನಾಲ್ಕೂವರೆ. ಮೂರನೆಯ ಸಲ ಅದಕ್ಕಿಂತ ಒಂದು ಬೆರಳು ಹೆಚ್ಚೇ. ಬೆಣ್ಣೆಯಲ್ಲಿ ಕಲ್ಲಿನ ಒರಟು ಅಚ್ಚು ಬಿದ್ದಿತ್ತು.

ಈ ಸಲ ಆಂಬ್ರೋಸ್ ವೈರ್‌ಲೆಸ್ಸನ್ನು ಮುಟ್ಟಲಿಲ್ಲ, ಎರಡು ಕೈಯಲ್ಲಿ ಅವಳ ಮುಂದೆ ಹಿಡಿದ. ಲೊರೆಟಾ ವೇಗ, ಗೇನ್, ಪಾಚಿ, ಹಗ್ಗದ ಮೂರು ಅಳತೆ ಎಲ್ಲವನ್ನೂ ಒಂದೊಂದಾಗಿ ಹೇಳಿ, ಕೊನೆಗೆ ಏಳು ಎರಡು ಅಂದಳು. ಯಾರೂ ಕೂಗಲಿಲ್ಲ. ಎಲ್ಲರೂ ಮೆರೆಡಿತ್‌ಗಾಗಿ ಕಾಯುತ್ತಿದ್ದರು.

"ಹಗ್ಗದ ಅಳತೆಯನ್ನೂ ಪುಸ್ತಕದಲ್ಲಿ ಬರೆಯಿರಿ," ಮೆರೆಡಿತ್ ಅಂದಳು. "ನಾಳೆ ಬೆಳಿಗ್ಗೆ ಆರು ಗಂಟೆಗೆ ಮೊದಲ ದಿನದ ಗೆರೆಗಳಿಂದ ಶುರು. ಕಾಲುವೆ ಕೊನೆಗೆ. ಅಲ್ಲಿಯವರೆಗೂ ಇದು ಅಂಕಿಯಲ್ಲ." ಆಮೇಲೆ, "ಆದರೆ ನನಗೂ ಒಂದು ತಟ್ಟೆ ಬೇಕು," ಅಂದಳು.

ಆಗ ಚಾನೆಲ್ಲಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದ್ದರಿಂದ ಯಾರದೂ ಕೇಳಿಸಲಿಲ್ಲ. ಗದ್ದಲ ಇಳಿದ ಮೇಲೆ ಸಿರಿಲನ ದನಿ ಉಳಿಯಿತು. "ನೋಡಿದ್ಯಾ ಲೊರೆಟಾ, ನಾನು ಹೇಳಿರ್ಲಿಲ್ವಾ? ಸಮುದ್ರವೇ ತೀರ್ಮಾನ ಮಾಡ್ತು. ನಾವಿಬ್ರೂ ತಲೆ ಕೆಡಿಸ್ಕೊಳ್ಳೋ ಹಾಗೇ ಇಲ್ಲ."

"ಹೂಂ," ಅಂದಳು ಲೊರೆಟಾ. "ತೀರ್ಮಾನ ಆಯ್ತು."

ಆಂಬ್ರೋಸ್ ಸೀಸದ ಗುಂಡಿಗೆ ಸುತ್ತಿಕೊಂಡು ಬಂದಿದ್ದ ಪಾಚಿಯ ಪಟ್ಟಿಯನ್ನು ಬಿಡಿಸಿ ನೀರಿಗೆ ಎಸೆಯಹೊರಟ. ಅವಳು ಕೈ ಚಾಚಿ ಇಸಿದುಕೊಂಡಳು. ಪರದೆಯ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಅದನ್ನು ಸುಕ್ಕಿಲ್ಲದಂತೆ ಉದ್ದಕ್ಕೆ ಹಾಸಿ, ಬಿಸಿಲು ಬೀಳುವ ಕಡೆಗೆ ತಿರುಗಿಸಿಟ್ಟಳು. ದೋಣಿ ಕಟ್ಟೆಯ ಕಡೆಗೆ ತಿರುಗುವಷ್ಟರಲ್ಲಿ ಅದರ ಒದ್ದೆ ಬೆನ್ನು ಆರತೊಡಗಿ, ಅಂಚಿನುದ್ದಕ್ಕೂ ಉಪ್ಪು ಬೆಳ್ಳಗೆ ಎದ್ದಿತ್ತು.